ಅಂದಾಜುಪಟ್ಟಿಯಲ್ಲಿ ‘ಯುವಿ’ ಎಂದಷ್ಟೇ ಬರೆದರೆ ನೀರಿನ ರಾಸಾಯನಿಕ ಒಡೆಯುವುದಿಲ್ಲ

ಗೆ,
ಕಾರ್ಯದರ್ಶಿಗಳು, ಸಣ್ಣ ನೀರಾವರಿ ಇಲಾಖೆ
ಅಧ್ಯಕ್ಷರು, ಬೆಂಗಳೂರು ಜಲಮಂಡಳಿ
ಸದಸ್ಯ ಕಾರ್ಯದರ್ಶಿಗಳು, ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ

ಮಾನ್ಯರೇ,

ಬೆಂಗಳೂರಿನ ಕೊಳಚೆಯನ್ನು ಎರಡನೇ ಹಂತದವರೆಗೆ, ಅಂದರೆ ಬ್ಯಾಕ್ಟೀರಿಯಾ ಕೊಳೆ ತಿನ್ನುವ ಹಂತದವರೆಗೆ ಸಂಸ್ಕರಿಸಿ ಕೋಲಾರ ಭಾಗದ ಕೆರೆಗಳಿಗೆ ಹರಿಸುವ ಕೆ.ಸಿ. (ಕೋರಮಂಗಲ–ಚಲ್ಲಘಟ್ಟ) ವ್ಯಾಲಿ ಯೋಜನೆಯ ಮೊದಲ ನೀರು ಲಕ್ಷ್ಮೀಸಾಗರ ಕೆರೆಗೆ ಬಂದದ್ದು 2018ರ ಜೂನ್‌ನಲ್ಲಿ. ಮೂರನೇ ಹಂತದ ಸಂಸ್ಕರಣೆಯನ್ನೂ ಮಾಡಿಯೇ ನೀರು ಬಿಡಿ ಎಂಬ ಆ ಭಾಗದ ರೈತರ ಬೇಡಿಕೆಯೂ ಹೆಚ್ಚುಕಡಿಮೆ ಅಷ್ಟೇ ಹಳೆಯದು. ಬೇಡಿಕೆ ನ್ಯಾಯವಾದದ್ದು. ನಮ್ಮ ಆತಂಕ ಅದು ಈಡೇರುವ ರೀತಿಯ ಬಗ್ಗೆ. ಮೂರನೇ ಹಂತ ಎಂದ ಕೂಡಲೇ ‘ಮರಳು ಫಿಲ್ಟರ್, ಕಾರ್ಬನ್ ಫಿಲ್ಟರ್, ಯುವಿ’ ಎಂದು ಒಂದೇ ಸಾಲು ಬರೆದು ಮುಗಿಸುವ ರೂಢಿ ನಮ್ಮಲ್ಲಿದೆ. ಅಪಾರ್ಟ್‌ಮೆಂಟಿನ ಎಸ್‌ಟಿಪಿಯಿಂದ (ಕೊಳಚೆ ಸಂಸ್ಕರಣಾ ಘಟಕದಿಂದ) ಹಿಡಿದು ದೊಡ್ಡ ಘಟಕದವರೆಗೆ ಅದೇ ಸಾಲು ನಕಲಾಗುತ್ತಾ ಬಂದಿದೆ.

ಆ ಸಾಲಿನ ಕೊನೆಯಲ್ಲಿರುವ ಯುವಿ, ಅಂದರೆ ನೇರಳಾತೀತ ಬೆಳಕು, ಎರಡು ಕೆಲಸ ಮಾಡಬಲ್ಲದು. ಒಂದು, ರೋಗಾಣುಗಳನ್ನು ನಿಷ್ಕ್ರಿಯಗೊಳಿಸುವುದು. ಇನ್ನೊಂದು, ನೀರಿನಲ್ಲಿ ಕರಗಿರುವ ಔಷಧಿ, ಕೀಟನಾಶಕ, ದ್ರಾವಕಗಳಂಥ ಸಾವಯವ ರಾಸಾಯನಿಕಗಳನ್ನು ಒಡೆಯುವುದು. ಮೊದಲನೆಯದಕ್ಕೆ ಕೊಂಡ ಯಂತ್ರದಿಂದ ಎರಡನೆಯದು ಆಗುವುದಿಲ್ಲ. ಕುಡಿಯುವ ನೀರಿನ ಸೋಂಕುನಿವಾರಣೆಗೆ ಸಾಮಾನ್ಯವಾಗಿ ಒಪ್ಪಿಕೊಂಡಿರುವ ಡೋಸ್ ಚದರ ಸೆಂಟಿಮೀಟರಿಗೆ 40 ಮಿಲಿಜೂಲ್. ರಾಸಾಯನಿಕ ಒಡೆಯಲು ಬೇಕಾದದ್ದು 500ರಿಂದ 1,000 ಮಿಲಿಜೂಲ್, ಅದೂ ಹೈಡ್ರೋಜನ್ ಪೆರಾಕ್ಸೈಡ್ ಬೆರೆಸಿದ ಮೇಲೆ. ನೆದರ್ಲೆಂಡ್ಸಿನ ಆಂಡೈಕ್ ಕುಡಿಯುವ ನೀರಿನ ಘಟಕದಲ್ಲಿ 2004ರಿಂದ ಈ ವಿಧಾನ ಬಳಕೆಯಲ್ಲಿದೆ. ಅಲ್ಲಿ ಲೀಟರಿಗೆ 6 ಮಿಲಿಗ್ರಾಂ ಪೆರಾಕ್ಸೈಡ್, 540 ಮಿಲಿಜೂಲ್ ಡೋಸ್, ಸಾವಿರ ಲೀಟರಿಗೆ 0.56 ಯೂನಿಟ್ ವಿದ್ಯುತ್ ಎಂದು ವಿನ್ಯಾಸ ಮಾಡಿದ್ದರು. ಗುರಿ ಇದ್ದದ್ದು ಅಟ್ರಜೀನ್ ಎಂಬ ಕಳೆನಾಶಕವನ್ನು ಶೇ 80ರಷ್ಟು ಇಳಿಸುವುದು.

ವ್ಯತ್ಯಾಸ ಇಷ್ಟು ದೊಡ್ಡದಾಗಲು ಕಾರಣವಿದೆ. ಕಡಿಮೆ ಒತ್ತಡದ ಪಾದರಸ ದೀಪ ಸೂಸುವುದು ಬಹುಪಾಲು 254 ನ್ಯಾನೋಮೀಟರ್ ಬೆಳಕು. ಅದರ ಶಕ್ತಿ ಮೋಲ್‌ಗೆ ಸುಮಾರು 471 ಕಿಲೋಜೂಲ್. ಇಂಗಾಲ–ಇಂಗಾಲ ಬಂಧ ಕಡಿಯಲು ಬೇಕಾದದ್ದು ಸುಮಾರು 350. ಕಾಗದದ ಮೇಲೆ ಸಾಕಷ್ಟಾಯಿತು. ಆದರೆ ಅಣು ಮೊದಲು ಆ ಬೆಳಕನ್ನು ಹೀರಬೇಕು. ಹೀರಿದ ಮೇಲೂ ಒಡೆಯಬೇಕು, ಬಿಸಿಯಾಗಿ ಬಿಟ್ಟುಕೊಟ್ಟರೆ ಪ್ರಯೋಜನವಿಲ್ಲ. ನೋವಿನ ಮಾತ್ರೆಯಲ್ಲಿರುವ ಡೈಕ್ಲೋಫೆನಾಕ್ ಬೆಳಕನ್ನು ಚೆನ್ನಾಗಿ ಹೀರುತ್ತದೆ, ಹೀರಿದ ಐದು ಬೆಳಕಿನ ಕಣಕ್ಕೆ ಒಂದು ಅಣುವಿನಂತೆ ಒಡೆಯುತ್ತದೆ. ಹಾಗಾಗಿ 40 ಮಿಲಿಜೂಲ್‌ನಲ್ಲೇ ಅದರ ಕಾಲುಭಾಗ ಹೋಗುತ್ತದೆ. ಮೂರ್ಛೆರೋಗಕ್ಕೆ ಕೊಡುವ ಕಾರ್ಬಮಜೆಪೀನ್ ಕೂಡ ಹೆಚ್ಚುಕಡಿಮೆ ಅಷ್ಟೇ ಬೆಳಕು ಹೀರುತ್ತದೆ. ಆದರೆ ಹೀರಿದ ಹತ್ತು ಸಾವಿರ ಕಣಕ್ಕೆ ಐದಾರು ಅಣು ಒಡೆದರೆ ಹೆಚ್ಚು. 1,000 ಮಿಲಿಜೂಲ್ ಕೊಟ್ಟರೂ ಶೇ 2 ದಾಟುವುದು ಕಷ್ಟ. ಮಾರಾಟಗಾರರು ಡೈಕ್ಲೋಫೆನಾಕ್‌ನ ಫಲಿತಾಂಶ ಹಿಡಿದು ಬಂದರೆ, ಅದೇ ಮಾದರಿಯ ಕಾರ್ಬಮಜೆಪೀನ್ ಲೆಕ್ಕ ಎಲ್ಲಿ ಎಂದು ದಯವಿಟ್ಟು ಕೇಳಿ. ಮಣ್ಣಿನೊಳಗೆ ಇಂಗಿ ಅಂತರ್ಜಲ ಸೇರಿದ ಮೇಲೂ ಹಾಗೆಯೇ ಉಳಿಯುವ ಜಾತಿ ಅದು. ಕೆರೆ ತುಂಬಿಸಿ ಕೊಳವೆಬಾವಿ ಮರುಪೂರಣ ಮಾಡುವ ಯೋಜನೆಗೆ ಇದಕ್ಕಿಂತ ಮುಖ್ಯವಾದ ಸೂಚಕ ಸಿಗುವುದಿಲ್ಲ.

ಇಂಥ ಹಠಮಾರಿ ಅಣುಗಳಿಗಾಗಿಯೇ ಪೆರಾಕ್ಸೈಡ್ ಹಾಕುವುದು. ಅದು ಯುವಿ ಹೀರಿ ಎರಡಾಗಿ ಒಡೆದು ಹೈಡ್ರಾಕ್ಸಿಲ್ ರ್ಯಾಡಿಕಲ್ ಎಂಬ ಅತಿ ಚುರುಕಿನ ತುಣುಕು ಹುಟ್ಟುತ್ತದೆ. ಆ ರ್ಯಾಡಿಕಲ್ ಎದುರಿಗೆ ಸಿಕ್ಕ ಸಾವಯವ ಅಣುವನ್ನು ಕಚ್ಚುತ್ತದೆ. ತೊಡಕೆಂದರೆ ಪೆರಾಕ್ಸೈಡ್ ಬೆಳಕು ಹೀರುವುದರಲ್ಲಿ ತೀರಾ ಸೋಮಾರಿ. ಲೀಟರಿಗೆ 10 ಮಿಲಿಗ್ರಾಂ ಹಾಕಿದರೆ ಒಂದು ಸೆಂಟಿಮೀಟರ್ ದಪ್ಪದ ಶುದ್ಧ ನೀರಿನಲ್ಲಿ ಅದು ಹೀರುವುದು ಶೇ 1.25ರಷ್ಟು ಬೆಳಕನ್ನು ಮಾತ್ರ. ಈಗ ಎರಡನೇ ಹಂತ ಮುಗಿಸಿದ ಕೊಳಚೆ ನೀರನ್ನು ತೆಗೆದುಕೊಳ್ಳಿ. ಒಂದು ಸೆಂಟಿಮೀಟರ್ ನೀರಿನಲ್ಲಿ ಎಷ್ಟು ಶೇಕಡಾ ಯುವಿ ಹಾಯುತ್ತದೆ ಎಂಬುದನ್ನು ಯುವಿಟಿ ಎನ್ನುತ್ತಾರೆ. ಇಂಥ ನೀರಿಗೆ ಅದು 65 ಎಂದು ಹಿಡಿಯೋಣ. 5 ಸೆಂಟಿಮೀಟರ್ ದೂರ ಹೋಗುವಷ್ಟರಲ್ಲಿ ಬೆಳಕು ಶೇ 12ಕ್ಕೆ, 10 ಸೆಂಟಿಮೀಟರಿಗೆ ಶೇ 1.3ಕ್ಕೆ ಇಳಿದಿರುತ್ತದೆ. ಹೀಗೆ ನುಂಗಿಹೋದ ಬೆಳಕಿನಲ್ಲಿ ಪೆರಾಕ್ಸೈಡಿನ ಪಾಲು ಶೇ 3ಕ್ಕಿಂತ ಕಡಿಮೆ. ಉಳಿದ 97 ಪಾಲನ್ನು ನೀರಿನ ಕಂದು ಬಣ್ಣಕ್ಕೆ ಕಾರಣವಾದ ಹ್ಯೂಮಿಕ್ ಪದಾರ್ಥ, ಕಬ್ಬಿಣ, ತೇಲುವ ಕಣಗಳು ತಿಂದು ಹಾಕುತ್ತವೆ. ಅದೇ ಆರ್‌ಒ ಮಾಡಿದ ನೀರಿನ ಯುವಿಟಿ 97 ಇದ್ದರೆ, ಅಷ್ಟೇ ಪೆರಾಕ್ಸೈಡಿಗೆ ಸಿಗುವ ಪಾಲು ಶೇ 29. ಕ್ಯಾಲಿಫೋರ್ನಿಯಾದ ಆರೆಂಜ್ ಕೌಂಟಿಯವರು 2008ರಿಂದ ಕೊಳಚೆ ನೀರನ್ನು ಶುದ್ಧ ಮಾಡಿ ಅಂತರ್ಜಲಕ್ಕೆ ಸೇರಿಸುತ್ತಿದ್ದಾರೆ, ಅಲ್ಲೂ ಯುವಿ–ಪೆರಾಕ್ಸೈಡ್ ಇದೆ ಎಂದು ಉದಾಹರಣೆ ಕೊಡುವವರು ಅಲ್ಲಿ ಯುವಿಗಿಂತ ಮೊದಲು ಸೂಕ್ಷ್ಮ ಮೆಂಬ್ರೇನ್ ಮತ್ತು ಆರ್‌ಒ ಇವೆ ಎಂಬುದನ್ನೂ ಹೇಳಬೇಕು.

ಬೆಳಕಿನ ಪಾಲು ಸಿಕ್ಕಿತು ಎಂದೇ ಇಟ್ಟುಕೊಳ್ಳಿ. ಹುಟ್ಟಿದ ರ್ಯಾಡಿಕಲ್‌ಗೆ ಶತ್ರು ಯಾರು, ಮಿತ್ರ ಯಾರು ಎಂಬ ಭೇದವಿಲ್ಲ. ನೀರಿನಲ್ಲಿ ಕರಗಿದ ಸಾವಯವ ಇಂಗಾಲ ಲೀಟರಿಗೆ 8 ಮಿಲಿಗ್ರಾಂ, ಬೈಕಾರ್ಬೊನೇಟ್ 300 ಮಿಲಿಗ್ರಾಂ ಇದ್ದು, ಕಾರ್ಬಮಜೆಪೀನ್ ಒಂದು ಮೈಕ್ರೋಗ್ರಾಂ ಇದ್ದರೆ, ಪ್ರಕಟಿತ ಕ್ರಿಯಾದರಗಳನ್ನು ಹಾಕಿ ಗುಣಿಸಿ ನೋಡಿ: ಸುಮಾರು 6,500 ರ್ಯಾಡಿಕಲ್‌ಗಳಲ್ಲಿ ಒಂದು ಮಾತ್ರ ಕಾರ್ಬಮಜೆಪೀನನ್ನು ಮುಟ್ಟುತ್ತದೆ. ಜಾತ್ರೆಯಲ್ಲಿ ಒಬ್ಬನನ್ನು ಹುಡುಕಿ ಕಲ್ಲು ಹೊಡೆದ ಹಾಗೆ. ಇಲ್ಲಿ ದೊಡ್ಡ ಕಳ್ಳ ಸಾವಯವ ಇಂಗಾಲ. ನಮ್ಮ ಗಡಸು ನೀರಿನ ಬೈಕಾರ್ಬೊನೇಟಿನ ಪಾಲು ಅದರ ಐದನೇ ಒಂದರಷ್ಟು.

ಆದರೆ ಇವೆರಡನ್ನೂ ಮೀರಿಸುವ ಒಂದಿದೆ, ನೈಟ್ರೈಟ್. ಎಸ್‌ಟಿಪಿಯ ಗಾಳಿ ತೊಟ್ಟಿಯಲ್ಲಿ ಅಮೋನಿಯಾ ಪೂರ್ತಿಯಾಗಿ ನೈಟ್ರೇಟ್ ಆಗದೆ ಅರ್ಧದಲ್ಲೇ ನಿಂತರೆ ನೈಟ್ರೈಟ್ ಉಳಿಯುತ್ತದೆ. ಸಾರಜನಕದ ಲೆಕ್ಕದಲ್ಲಿ ಲೀಟರಿಗೆ ಒಂದೇ ಒಂದು ಮಿಲಿಗ್ರಾಂ ನೈಟ್ರೈಟ್ ಸಾಕು, ಮೇಲೆ ಹೇಳಿದ ಇಂಗಾಲ ಮತ್ತು ಬೈಕಾರ್ಬೊನೇಟ್ ಎರಡೂ ಸೇರಿ ನುಂಗುವುದರ ಮೂರು ಪಟ್ಟು ರ್ಯಾಡಿಕಲ್ ನುಂಗಲು. ಗಾಳಿ ಊದುವ ಬ್ಲೋವರ್ ಕೆಟ್ಟ ದಿನ, ಕರೆಂಟ್ ಹೋಗಿ ಗಾಳಿ ನಿಂತ ರಾತ್ರಿ, ಕೆಸರನ್ನು ಜಾಸ್ತಿ ಹೊರತೆಗೆದು ನೈಟ್ರೈಟ್ ತಿನ್ನುವ ಬ್ಯಾಕ್ಟೀರಿಯಾ ಕೊಚ್ಚಿಹೋದ ವಾರ, ಹೀಗೆ ಆಗಾಗ ಆಗುವಂಥದ್ದೇ ಇದು. ಅಂಥ ದಿನ ದೀಪ ಉರಿಯುತ್ತಿರುತ್ತದೆ, ಪೆರಾಕ್ಸೈಡ್ ಪಂಪ್ ಓಡುತ್ತಿರುತ್ತದೆ, ಮೀಟರ್ ತಿರುಗುತ್ತಿರುತ್ತದೆ, ಒಡೆಯುವ ಕೆಲಸ ಮಾತ್ರ ನಡೆಯುತ್ತಿರುವುದಿಲ್ಲ. ಮಧ್ಯಮ ಒತ್ತಡದ ದೀಪ ಕೊಂಡರೆ ಇನ್ನೊಂದು ಫಜೀತಿ: ಅದು 240 ನ್ಯಾನೋಮೀಟರಿಗಿಂತ ಕೆಳಗಿನ ಬೆಳಕನ್ನೂ ಸೂಸುವುದರಿಂದ ನೀರಿನಲ್ಲಿರುವ ನೈಟ್ರೇಟನ್ನೇ ನೈಟ್ರೈಟ್ ಮಾಡಿಬಿಡುತ್ತದೆ.

ಇನ್ನು ‘ಒಡೆಯಿತು’ ಎಂದರೆ ಏನು ಎಂಬುದು. ಫಿನಾಲ್ ಹಾಕಿದ ನೀರಿಗೆ ಯುವಿ–ಪೆರಾಕ್ಸೈಡ್ ಕೊಟ್ಟು ನೋಡಿದರೆ, ಬಣ್ಣವಿಲ್ಲದ ನೀರು ಸ್ವಲ್ಪ ಹೊತ್ತಿಗೆ ತೆಳು ಚಹಾದಂತೆ ಕಂದಾಗುತ್ತದೆ, ಆಮೇಲೆ ಮತ್ತೆ ತಿಳಿಯಾಗುತ್ತದೆ. ಮಧ್ಯದಲ್ಲಿ ಕಂಡ ಬಣ್ಣ ಕ್ವಿನೋನ್‌ಗಳದ್ದು. ಫಿನಾಲ್ ಮೊದಲು ಕ್ಯಾಟಿಕಾಲ್, ಹೈಡ್ರೋಕ್ವಿನೋನ್ ಆಗುತ್ತದೆ. ಆಮೇಲೆ ಉಂಗುರ ಬಿಚ್ಚಿಕೊಂಡು ಮ್ಯಾಲೀಯಿಕ್, ಆಕ್ಸಾಲಿಕ್, ಫಾರ್ಮಿಕ್ ಆಮ್ಲಗಳಾಗುತ್ತದೆ. ಕೊನೆಗೆ ಇಂಗಾಲದ ಡೈಆಕ್ಸೈಡ್ ಮತ್ತು ನೀರು. ಪೂರ್ತಿ ಸುಟ್ಟುಹೋಗಲು ಒಂದು ಅಣು ಫಿನಾಲ್‌ಗೆ 14 ಅಣು ಪೆರಾಕ್ಸೈಡ್ ಬೇಕು. ತೂಕದಲ್ಲಿ ಹೇಳುವುದಾದರೆ ಒಂದು ಮಿಲಿಗ್ರಾಂ ಫಿನಾಲ್‌ಗೆ 5 ಮಿಲಿಗ್ರಾಂ, ಅದೂ ಒಂದು ಹನಿಯೂ ಪೋಲಾಗದಿದ್ದರೆ. ದೊಡ್ಡ ಘಟಕದಲ್ಲಿ ಯಾರೂ ಅಲ್ಲಿಯವರೆಗೆ ಹೋಗುವುದಿಲ್ಲ, ಹೋಗಲು ದುಡ್ಡಿಲ್ಲ. ಮೂಲ ಅಣು ಶೇ 90 ಮಾಯವಾದಾಗಲೂ ಒಟ್ಟು ಸಾವಯವ ಇಂಗಾಲ ಬಹುತೇಕ ಇದ್ದಷ್ಟೇ ಇರುತ್ತದೆ. ದೊಡ್ಡ ತುಂಡುಗಳು ಸಣ್ಣದಾಗಿ, ಬ್ಯಾಕ್ಟೀರಿಯಾಕ್ಕೆ ಸುಲಭದ ಊಟವಾಗಿರುತ್ತವೆ. ಅವನ್ನು ಹಾಗೆಯೇ ಕಿಲೋಮೀಟರುಗಟ್ಟಲೆ ಪೈಪಿಗೆ ಬಿಟ್ಟರೆ ಒಳಗೋಡೆಗೆ ಲೋಳೆ ಕಟ್ಟುತ್ತದೆ. ಆದ್ದರಿಂದ ಯುವಿ–ಪೆರಾಕ್ಸೈಡ್ ಆದ ಮೇಲೆ ಇದ್ದಿಲ (ಕಾರ್ಬನ್) ಹಾಸು ಇರಲೇಬೇಕು, ಅದರ ಮೇಲೆ ಬ್ಯಾಕ್ಟೀರಿಯಾದ ಜೀವಪದರ ಬೆಳೆದಿರಬೇಕು. ಆಂಡೈಕ್‌ನಲ್ಲಿ ಕೊನೆಯಲ್ಲಿರುವುದೂ ಅದೇ. ನಮ್ಮ ಅಂದಾಜುಪಟ್ಟಿಯ ರೂಢಿಯ ಸಾಲಿನಲ್ಲಿ ಕಾರ್ಬನ್ ಮೊದಲು, ಯುವಿ ಕೊನೆಗೆ. ಸೋಂಕುನಿವಾರಣೆಗೆ ಆ ಕ್ರಮ ಸರಿ, ರಾಸಾಯನಿಕ ಒಡೆಯುವುದಕ್ಕೆ ತಲೆಕೆಳಗು.

ಮಾಲಿನ್ಯ ನಿಯಂತ್ರಣ ಮಂಡಳಿಯವರು ಗಮನಿಸಬೇಕಾದ ಒಂದು ವಿಷಯ ಇಲ್ಲೇ ಇದೆ. ಹಾಕಿದ ಪೆರಾಕ್ಸೈಡಿನಲ್ಲಿ ಹೆಚ್ಚಿನ ಪಾಲು ಖರ್ಚಾಗದೆ ಹೊರಗೆ ಬರುತ್ತದೆ, ಬಂದು ಪರೀಕ್ಷೆಗಳನ್ನು ಕೆಡಿಸುತ್ತದೆ. ಸಿಒಡಿ, ಅಂದರೆ ಕೊಳೆಯನ್ನು ರಾಸಾಯನಿಕವಾಗಿ ಉತ್ಕರ್ಷಿಸಲು ಬೇಕಾದ ಆಮ್ಲಜನಕವನ್ನು ಅಳೆಯುವ ಪರೀಕ್ಷೆಯ ಡೈಕ್ರೋಮೇಟ್ ಪೆರಾಕ್ಸೈಡನ್ನೂ ಉತ್ಕರ್ಷಿಸುವುದರಿಂದ ಒಂದು ಮಿಲಿಗ್ರಾಂ ಪೆರಾಕ್ಸೈಡಿಗೆ 0.47 ಮಿಲಿಗ್ರಾಂನಷ್ಟು ಸುಳ್ಳು ಸಿಒಡಿ ಕಾಣುತ್ತದೆ. ಬಿಒಡಿಯಲ್ಲಿ, ಅಂದರೆ ಬ್ಯಾಕ್ಟೀರಿಯಾ ಕೊಳೆ ತಿನ್ನಲು ಬಳಸುವ ಆಮ್ಲಜನಕದ ಅಳತೆಯಲ್ಲಿ, ಇದು ಉಲ್ಟಾ: ಬೀಜವಾಗಿ ಹಾಕಿದ ಬ್ಯಾಕ್ಟೀರಿಯಾ ಪೆರಾಕ್ಸೈಡಿಗೆ ಸತ್ತು ಬಿಒಡಿ ಕಡಿಮೆ ಬರುತ್ತದೆ, ವರದಿ ಚೆನ್ನಾಗಿ ಕಾಣುತ್ತದೆ. ಮುಂದೆ ಕ್ಲೋರಿನ್ ಹಾಕುವಂತಿದ್ದರೆ ಒಂದು ಮಿಲಿಗ್ರಾಂ ಪೆರಾಕ್ಸೈಡ್ 2.1 ಮಿಲಿಗ್ರಾಂ ಕ್ಲೋರಿನ್ ತಿಂದು ಹಾಕುತ್ತದೆ. ಮಾದರಿ ತೆಗೆದ ಕೂಡಲೇ ಕ್ಯಾಟಲೇಸ್ ಕಿಣ್ವ ಹಾಕಿ ಪೆರಾಕ್ಸೈಡನ್ನು ಕೊಲ್ಲಬೇಕು. ಸೋಡಿಯಂ ಬೈಸಲ್ಫೈಟ್ ಅಗ್ಗ, ಆದರೆ ಹೆಚ್ಚಾದರೆ ಅದೂ ಸಿಒಡಿಯಾಗಿ ಕಾಣುತ್ತದೆ. ಪರೀಕ್ಷಾ ವರದಿಯಲ್ಲಿ ‘ಪೆರಾಕ್ಸೈಡ್ ತಟಸ್ಥಗೊಳಿಸಲಾಗಿದೆ’ ಎಂಬ ಸಾಲು ಇಲ್ಲದಿದ್ದರೆ ಆ ವರದಿಯನ್ನು ಒಪ್ಪಬೇಡಿ.

ಹಣದ ಮಾತಿಗೆ ಬರೋಣ. ಕೆ.ಸಿ. ವ್ಯಾಲಿಯ ಮೊದಲ ಹಂತದ ಯೋಜಿತ ಪ್ರಮಾಣ ದಿನಕ್ಕೆ 44 ಕೋಟಿ ಲೀಟರ್. ಆಂಡೈಕ್‌ನ 0.56 ಯೂನಿಟ್ ಲೆಕ್ಕವನ್ನೇ ಹಾಕಿದರೂ ದಿನಕ್ಕೆ ಸುಮಾರು 2.46 ಲಕ್ಷ ಯೂನಿಟ್, ಅಂದರೆ ಹಗಲೂ ರಾತ್ರಿ 10 ಮೆಗಾವಾಟ್. ಯೂನಿಟ್ಟಿಗೆ 7 ರೂಪಾಯಿ ಎಂದು ಹಿಡಿದರೆ ವರ್ಷಕ್ಕೆ 63 ಕೋಟಿ ವಿದ್ಯುತ್ತಿಗೇ ಹೋಯಿತು. ಶೇ 50ರ ಪೆರಾಕ್ಸೈಡ್ ದಿನಕ್ಕೆ ಐದು ಟನ್‌ಗೂ ಹೆಚ್ಚು ಬೇಕು. ಇದು ಮೊದಲೇ ತಿಳಿಗೊಳಿಸಿದ ಸರೋವರದ ನೀರಿನ ಲೆಕ್ಕ. ನಮ್ಮ ಕೊಳಚೆ ನೀರಿಗೆ ಇನ್ನೂ ಹೆಚ್ಚು. ಆಂಡೈಕ್ ಘಟಕದ ಡಚ್ಚರೂ ಕೂಡ 2014ರಲ್ಲಿ ದೀಪದ ಮುಂಚಿನ ಹಂತವನ್ನು ಬದಲಿಸಿ ಅಯಾನು ವಿನಿಮಯ ಮತ್ತು ಸೆರಾಮಿಕ್ ಮೆಂಬ್ರೇನ್ ಹಾಕಿದರು. ನೀರು ತಿಳಿಯಾದರೆ ದೀಪದ ಖರ್ಚು ಇಳಿಯುತ್ತದೆ ಎಂಬುದೂ ಅದರ ಹಿಂದಿನ ಒಂದು ಕಾರಣ. ಸ್ವಿಟ್ಜರ್ಲೆಂಡಿನಲ್ಲಿ 2016ರ ಜನವರಿಯಿಂದ ಆಯ್ದ ಕೊಳಚೆ ಘಟಕಗಳು ಸೂಕ್ಷ್ಮ ಮಾಲಿನ್ಯಕಾರಕಗಳನ್ನು ಶೇ 80ರಷ್ಟು ತೆಗೆಯಬೇಕೆಂಬ ಕಾನೂನಿದೆ. ಅಲ್ಲಿನವರು ಇದಕ್ಕೆ ಬಳಸುತ್ತಿರುವುದು ಓಝೋನ್ ಅಥವಾ ಸಕ್ರಿಯ ಇದ್ದಿಲನ್ನು, ಯುವಿ–ಪೆರಾಕ್ಸೈಡನ್ನಲ್ಲ. ಓಝೋನ್ ನೀರಿನೊಳಗೆ ನೇರವಾಗಿ ಬೆರೆಯುವುದರಿಂದ ಬೆಳಕು ಹಾಯುವ ಸಮಸ್ಯೆಯೇ ಇಲ್ಲ, ವಿದ್ಯುತ್ತು ಸಾವಿರ ಲೀಟರಿಗೆ 0.1 ಯೂನಿಟ್ಟಿನ ಆಸುಪಾಸು. ಅದಕ್ಕೂ ನೈಟ್ರೈಟ್ ಶತ್ರುವೇ. ನೀರಿನಲ್ಲಿ ಬ್ರೋಮೈಡ್ ಇದ್ದರೆ ಹಾನಿಕರವಾದ ಬ್ರೋಮೇಟ್ ಆಗುವ ಭಯವೂ ಇದೆ, ಮೊದಲೇ ಬ್ರೋಮೈಡ್ ಅಳೆಯಬೇಕು.

ನಮ್ಮ ಅಭಿಪ್ರಾಯ ನೇರವಾಗಿ ಹೇಳುತ್ತೇವೆ: ಕೆರೆಗೆ ಹೋಗುವ ಅಷ್ಟೂ ನೀರಿಗೆ ಯುವಿ–ಪೆರಾಕ್ಸೈಡ್ ಬೇಡ. ಮೊದಲು ಎಸ್‌ಟಿಪಿಯಲ್ಲಿ ನೈಟ್ರೀಕರಣ ವರ್ಷವಿಡೀ ಕೈಕೊಡದಂತೆ ಮಾಡಿ, ಆಮೇಲೆ ಮರಳು ಫಿಲ್ಟರ್, ಓಝೋನ್, ಜೀವಪದರದ ಇದ್ದಿಲು, ಕೊನೆಗೆ 40 ಮಿಲಿಜೂಲ್‌ನ ಸೋಂಕುನಿವಾರಕ ಯುವಿ. ಓಝೋನಿಗೆ ಹಣವಿಲ್ಲದಿದ್ದರೆ ಇದ್ದಿಲಂತೂ ಇರಲಿ. ಟೈಟಾನಿಯಂ ಡೈಆಕ್ಸೈಡ್ ಪುಡಿ ಹಾಕಿ ಬಿಸಿಲಿನಲ್ಲೇ ಶುದ್ಧ ಮಾಡುತ್ತೇವೆ ಎನ್ನುವ ಪ್ರಸ್ತಾವಗಳು ಬಂದರೆ, 44 ಕೋಟಿ ಲೀಟರ್ ನೀರಿನಿಂದ ಆ ಪುಡಿಯನ್ನು ಮರಳಿ ಹೇಗೆ ಹಿಡಿಯುತ್ತೀರಿ ಎಂಬ ಒಂದು ಪ್ರಶ್ನೆ ಸಾಕು.

ಕೆರೆಯಲ್ಲಿ ಬಿಸಿಲಿದೆಯಲ್ಲ, ಅದೇ ಒಡೆಯುತ್ತದೆ ಎಂಬ ವಾದವೂ ಇದೆ. ಅರ್ಧ ನಿಜ. 254 ನ್ಯಾನೋಮೀಟರ್ ಬೆಳಕು ನೆಲಕ್ಕೆ ಬರುವುದೇ ಇಲ್ಲ, ಬರುವುದು 300ರ ಮೇಲಿನದು. ಡೈಕ್ಲೋಫೆನಾಕ್ ಅದಕ್ಕೂ ಒಡೆಯುತ್ತದೆ. ಆದರೆ ಪಾಚಿ ತುಂಬಿ ಹಸಿರಾದ ಕೆರೆಯಲ್ಲಿ ಆ ಬೆಳಕು ಮೇಲಿನ ಕೆಲವು ಸೆಂಟಿಮೀಟರಿನಲ್ಲೇ ಮುಗಿದುಹೋಗುತ್ತದೆ. ಜೊಂಡು ಮತ್ತು ಅಂತರಗಂಗೆ ಮುಚ್ಚಿದ ಕಡೆ ಅದೂ ಇಲ್ಲ.

ಇಷ್ಟಾದರೂ ಯುವಿ–ಪೆರಾಕ್ಸೈಡೇ ಬೇಕೆಂದು ತೀರ್ಮಾನಿಸಿದರೆ, ಅಥವಾ ಕೈಗಾರಿಕೆಗೆ ಕೊಡುವ ಸಣ್ಣ ಪ್ರಮಾಣದ ನೀರಿಗೆ ಅದನ್ನು ಯೋಚಿಸುತ್ತಿದ್ದರೆ, ಟೆಂಡರಿಗೆ ಮೊದಲು ಒಂದು ವರ್ಷ ಯುವಿಟಿ ಅಳೆಯಿರಿ. ಬೆಳಕು ಎಷ್ಟು ಹಾಯುತ್ತದೆಂದು ಅಳೆಯುವ ಸ್ಪೆಕ್ಟ್ರೋಫೋಟೋಮೀಟರ್ ಇರುವ ಯಾವ ಪ್ರಯೋಗಾಲಯಕ್ಕೂ ಇದು ಐದು ನಿಮಿಷದ ಕೆಲಸ. ಮಾದರಿ ತುಂಬಲು ಒಂದು ಸೆಂಟಿಮೀಟರಿನ ಕ್ವಾರ್ಟ್ಜ್ ಕ್ಯುವೆಟ್ (ಪುಟ್ಟ ಪಾತ್ರೆ) ಬಳಸಬೇಕು. ಸಾದಾ ಗಾಜು, ಪ್ಲಾಸ್ಟಿಕ್ ಕ್ಯುವೆಟ್ 254ರ ಬೆಳಕನ್ನು ತಾವೇ ನುಂಗುತ್ತವೆ, ತಪ್ಪು ಓದು ಬರುವುದು ಹೆಚ್ಚಾಗಿ ಇಲ್ಲಿಂದಲೇ. ಬಟ್ಟಿ ಇಳಿಸಿದ ನೀರಿಗೆ ಶೂನ್ಯ ಹೊಂದಿಸಿ, ಪ್ರತಿ ಮಾದರಿಯನ್ನೂ ಹಾಗೆಯೇ ಒಮ್ಮೆ, 0.45 ಮೈಕ್ರಾನ್ ಫಿಲ್ಟರಿನಲ್ಲಿ ಸೋಸಿ ಒಮ್ಮೆ ಓದಿ. ಎರಡರ ನಡುವಿನ ಅಂತರ ಮರಳು ಫಿಲ್ಟರಿನಿಂದ ಸರಿಹೋಗುವ ಭಾಗ. ಸೋಸಿದ ಮೇಲೂ ಉಳಿದದ್ದು ಕರಗಿದ ಪದಾರ್ಥದ್ದು. ಬೆಳಿಗ್ಗೆ ಹತ್ತಕ್ಕೆ ಒಂದೇ ಮಾದರಿ ತೆಗೆದರೆ ಪ್ರಯೋಜನವಿಲ್ಲ, ನಸುಕಿನ ನೀರಿಗೂ ಸಂಜೆಯ ನೀರಿಗೂ ತುಂಬಾ ವ್ಯತ್ಯಾಸವಿರುತ್ತದೆ. ಮಳೆಗಾಲದ ಮೊದಲ ಮಳೆ ತಪ್ಪಬಾರದು. ಜೊತೆಗೆ ನೈಟ್ರೈಟ್, ಸಾವಯವ ಇಂಗಾಲ, ಕ್ಷಾರತೆ, ಕಬ್ಬಿಣ ಇಷ್ಟನ್ನು ಬರೆದಿಡಿ. ವಿನ್ಯಾಸಕ್ಕೆ ಹಿಡಿಯಬೇಕಾದದ್ದು ಸರಾಸರಿಯನ್ನಲ್ಲ, ವರ್ಷದ ಶೇ 95 ದಿನಗಳಲ್ಲಿ ಯಾವುದಕ್ಕಿಂತ ಕೆಳಗೆ ಇಳಿಯಲಿಲ್ಲವೋ ಆ ಯುವಿಟಿಯನ್ನು.

ಎರಡನೆಯದು, ಅದೇ ನೀರಿನ ಮೇಲೆ ಮೇಜಿನ ಪ್ರಯೋಗ. ಕಡಿಮೆ ಒತ್ತಡದ ದೀಪದ ಬೆಳಕನ್ನು ಕಪ್ಪು ಕೊಳವೆಯಲ್ಲಿ ನೇರವಾಗಿ ಇಳಿಸಿ, ಕೆಳಗೆ ಪೆಟ್ರಿ ಡಿಶ್ಶಿನಲ್ಲಿ ಎರಡು ಸೆಂಟಿಮೀಟರ್ ಆಳಕ್ಕೆ ನೀರಿಟ್ಟು ನಿಧಾನವಾಗಿ ಕಲಕುತ್ತಿರಬೇಕು. ಮೇಲ್ಮೈಯಲ್ಲಿ ಚದರ ಸೆಂಟಿಮೀಟರಿಗೆ 0.2 ಮಿಲಿವಾಟ್ ಬೆಳಕಿದ್ದರೆ 500 ಮಿಲಿಜೂಲ್‌ಗೆ 42 ನಿಮಿಷ ಎಂದು ಲೆಕ್ಕ ಬರುತ್ತದೆ. ಆದರೆ ಯುವಿಟಿ 65ರ ನೀರಿನಲ್ಲಿ ಆಳಕ್ಕಿಳಿದಂತೆ ಬೆಳಕು ಕುಗ್ಗುವುದರಿಂದ ನಿಜಕ್ಕೂ ಬೇಕಾದದ್ದು 62 ನಿಮಿಷ. ಈ ತಿದ್ದುಪಡಿ ಬಿಟ್ಟ ವರದಿಗಳಲ್ಲಿ ಬರೆದ ಡೋಸ್ ಕೊಟ್ಟದ್ದಕ್ಕಿಂತ ಒಂದೂವರೆ ಪಟ್ಟು ಇರುತ್ತದೆ. ಪೆರಾಕ್ಸೈಡ್ ಇಲ್ಲದೆ, 5 ಮಿಲಿಗ್ರಾಂ, 10 ಮಿಲಿಗ್ರಾಂ ಹಾಕಿ ಮೂರು ಸರಣಿ ಮಾಡಿ. ಪ್ರತಿಯೊಂದರಲ್ಲೂ 0, 250, 500, 1,000 ಮಿಲಿಜೂಲ್. ಅಳೆಯುವುದು ಕಾರ್ಬಮಜೆಪೀನ್ ಮತ್ತು ಡೈಕ್ಲೋಫೆನಾಕ್ ಎರಡನ್ನೂ. ಮೊದಲನೆಯದು ರ್ಯಾಡಿಕಲ್‌ನ ಕೆಲಸ ತೋರಿಸುತ್ತದೆ, ಎರಡನೆಯದು ಬೆಳಕಿನದ್ದು. ಮಾದರಿ ಕಂದು ಗಾಜಿನ ಬಾಟಲಿಯಲ್ಲಿ, ತಂಪಿನಲ್ಲಿ ಹೋಗಬೇಕು.

ಟೆಂಡರಿನಲ್ಲಿ ‘ಇಷ್ಟು ಕಿಲೋವಾಟ್ ದೀಪ’ ಎಂದು ಕೇಳಬೇಡಿ. ಇಷ್ಟು ಯುವಿಟಿಯ ನೀರಿನಲ್ಲಿ, ಇಷ್ಟು ನೈಟ್ರೈಟಿನವರೆಗೆ, ಕಾರ್ಬಮಜೆಪೀನನ್ನು ಹತ್ತನೇ ಒಂದಕ್ಕೆ ಇಳಿಸಲು ಸಾವಿರ ಲೀಟರಿಗೆ ಎಷ್ಟು ಯೂನಿಟ್, ಎಷ್ಟು ಪೆರಾಕ್ಸೈಡ್ ಎಂದು ಕೇಳಿ, ಅದನ್ನೇ ದರ ಹೋಲಿಕೆಗೆ ಆಧಾರ ಮಾಡಿ. ಲೆಕ್ಕ ಹೊಸ ದೀಪದ್ದಾಗಿರಬಾರದು, ಆಯಸ್ಸು ಮುಗಿಯುವ ಹಂತದ ದೀಪದ್ದಾಗಿರಬೇಕು. ಕಡಿಮೆ ಒತ್ತಡದ ಅಮಾಲ್ಗಂ (ಪಾದರಸದ ಮಿಶ್ರಲೋಹ ಬಳಸುವ) ದೀಪ ಸುಮಾರು 9,000ದಿಂದ 16,000 ಗಂಟೆ ಉರಿಯುತ್ತದೆ, ಕೊನೆಗೆ ಬೆಳಕು ಶೇ 80–90ಕ್ಕೆ ಇಳಿದಿರುತ್ತದೆ. ದೀಪದ ಹೊರಗಿನ ಕ್ವಾರ್ಟ್ಜ್ ಹೊದಿಕೆ ಕೊಳವೆ ಬಿಸಿಯಾಗಿರುವುದರಿಂದ ಗಡಸು ನೀರಿನ ಸುಣ್ಣ ಅಲ್ಲೇ ಕಚ್ಚುತ್ತದೆ, ಕಬ್ಬಿಣವಿದ್ದರೆ ಕೆಂಚು ಪದರವಾಗುತ್ತದೆ. ಒರೆಸುವ ಉಂಗುರ ಸುಣ್ಣಕ್ಕೆ ಸಾಲದು, ಸಿಟ್ರಿಕ್ ಅಥವಾ ಫಾಸ್ಫಾರಿಕ್ ಆಮ್ಲದ ತೊಳೆತ ಬೇಕೇ ಬೇಕು. ಅದಕ್ಕೆ ಬೇಕಾದ ಪಂಪ್, ತೊಟ್ಟಿ, ಆಮ್ಲದ ತ್ಯಾಜ್ಯ ಹೋಗುವ ದಾರಿ ನಕ್ಷೆಯಲ್ಲೇ ಇರಲಿ. ಪೆರಾಕ್ಸೈಡ್ ತೊಟ್ಟಿಗೆ ಗಾಳಿಕಿಂಡಿ ಇರಬೇಕು; ಎರಡು ಮುಚ್ಚಿದ ವಾಲ್ವ್‌ಗಳ ನಡುವೆ ಅದು ಸಿಕ್ಕಿಕೊಂಡರೆ ಆಮ್ಲಜನಕ ಬಿಡುಗಡೆಯಾಗುತ್ತಾ ಪೈಪ್ ಸಿಡಿಯುತ್ತದೆ, ಹಾಗಾಗಿ ಅಲ್ಲಿ ತೂತಿರುವ ಬಾಲ್ ವಾಲ್ವ್ ಅಥವಾ ಒತ್ತಡ ಬಿಡುವ ವಾಲ್ವ್ ಕಡ್ಡಾಯ.

ಕರೆಂಟಿನ ವಿಷಯಕ್ಕೆ ಒಂದು ಷರತ್ತು ಪ್ರತ್ಯೇಕವಾಗಿ ಬೇಕು. ವೋಲ್ಟೇಜ್ ಒಂದು ಕ್ಷಣ ಕುಸಿದರೂ ದೀಪ ಆರುತ್ತದೆ. ಅಮಾಲ್ಗಂ ದೀಪ ಮತ್ತೆ ಪೂರ್ಣ ಬೆಳಕಿಗೆ ಬರಲು ಕೆಲವು ನಿಮಿಷ ಬೇಕು. ಮಧ್ಯಮ ಒತ್ತಡದ್ದು ಮೊದಲು ತಣ್ಣಗಾಗಬೇಕು, ಇನ್ನೂ ತಡ. ಅಷ್ಟು ಹೊತ್ತು ನೀರು ನಿಲ್ಲದೆ ಹರಿದರೆ ಅದು ಸಂಸ್ಕರಣೆಯಾಗದ ನೀರು. ಯುವಿ ಸಂವೇದಕದ ಓದು ನಿಗದಿಗಿಂತ ಕೆಳಗಿಳಿದರೆ ಹೊರಹರಿವಿನ ವಾಲ್ವ್ ತಾನಾಗಿ ಮುಚ್ಚಿ ನೀರು ಹಿಂದಕ್ಕೆ ಹೋಗುವಂತಿರಬೇಕು. ಆ ಬೀಗವನ್ನು ಕೈಯಿಂದ ತಪ್ಪಿಸಿದರೆ ಹೊತ್ತು, ಅವಧಿ, ಹರಿದ ಪ್ರಮಾಣ ತಾನೇ ದಾಖಲಾಗಬೇಕು, ಆ ದಾಖಲೆ ಮಂಡಳಿಗೂ ಕೆರೆ ಗ್ರಾಮಗಳ ಪಂಚಾಯಿತಿಗಳಿಗೂ ಪ್ರತಿ ತಿಂಗಳು ಹೋಗಬೇಕು.

ಇದರಲ್ಲಿ ತಕ್ಷಣ ಆಗಬಹುದಾದದ್ದು ಯುವಿಟಿ ಮತ್ತು ನೈಟ್ರೈಟ್ ಅಳತೆ. ಅದಕ್ಕೆ ಹೊಸ ಯಂತ್ರವೂ ಬೇಡ, ಸಚಿವ ಸಂಪುಟದ ಒಪ್ಪಿಗೆಯೂ ಬೇಡ. ಬರುವ ತಿಂಗಳಿಂದಲೇ ಘಟಕದ ಹೊರಹರಿವಿನಲ್ಲಿ ಮತ್ತು ಮೊದಲ ಕೆರೆಯ ಒಳಹರಿವಿನಲ್ಲಿ ಅಳೆದು, ಓದುಗಳನ್ನು ಕಚ್ಚಾ ರೂಪದಲ್ಲೇ ಪ್ರಕಟಿಸಬೇಕೆಂದು ಕೋರುತ್ತೇವೆ.

ಇಂತಿ,
ನೀರು ಸಂಸ್ಕರಣೆಯ ಕೆಲಸದಲ್ಲಿರುವ ಎಂಜಿನಿಯರುಗಳು ಮತ್ತು ರಸಾಯನ ವಿಜ್ಞಾನಿಗಳು